ಕೆಲಸದ ಮಾತು: ‘ಹೂಂ’ ಅಂದರೆ ಸಾಲದು

ಕಳೆದ ಸಂಚಿಕೆಯಲ್ಲಿ, ಕೆಲಸ ಗೊತ್ತಿದ್ದೂ ಆಗುವ ತಪ್ಪುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಗೊತ್ತಿಲ್ಲದೆ ಆದ ತಪ್ಪಾದರೆ ಕಲಿತುಕೊಂಡರಾಯಿತು. ಆದರೆ ಕೈ ಪಳಗಿದ ಮೇಲೂ, ಒಂದು ಗಳಿಗೆ ಲಕ್ಷ್ಯ ತಪ್ಪಿ ಆಗುವ ತಪ್ಪಿಗೆ ಏನು ಮಾಡಬೇಕು? ಈ ಸಲ ಬಂದ ಪತ್ರಗಳಲ್ಲಿ ಇದೇ ಪ್ರಶ್ನೆ ಜಾಸ್ತಿ. ನಾನು ಹುಬ್ಬಳ್ಳಿ ವಿಭಾಗದ ಸ್ಟೇಷನ್‌ಗಳಲ್ಲಿ 34 ವರ್ಷ ಸ್ಟೇಷನ್ ಮಾಸ್ತರನಾಗಿದ್ದೆ. ಈಗ ಗದಗಿನಲ್ಲಿ ಮನೆ. ನನ್ನ ನೌಕರಿಯ ಮುಕ್ಕಾಲು ಪಾಲು ಇಂಥ ತಪ್ಪನ್ನು ತಡೆಯುವುದೇ ಆಗಿತ್ತು. ಆ ಅನುಭವದ ಮೇಲೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾನು ಆರು ವರ್ಷದಿಂದ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಹೋದ ತಿಂಗಳು ಒಂದು ಲಗ್ನಪತ್ರಿಕೆಯಲ್ಲಿ ತಾರೀಖು ಸರಿ ಇತ್ತು, ವಾರ ತಪ್ಪಿತ್ತು. ಶುಕ್ರವಾರ ಅಂತ ಬರಬೇಕಿತ್ತು, ಗುರುವಾರ ಅಂತ ಅಚ್ಚಾಯಿತು. 800 ಪತ್ರಿಕೆ. ಅರ್ಧ ಹಂಚಿಬಿಟ್ಟಿದ್ದರು. ಮೂರು ಸಲ ಓದಿದ್ದೆ, ಕಣ್ಣಿಗೆ ಬೀಳಲೇ ಇಲ್ಲ. ಮಾಲೀಕರು ‘ಲಕ್ಷ್ಯ ಎಲ್ಲಿರತೈತಿ ನಿಂದು?’ ಅಂದರು. ಅವತ್ತಿನಿಂದ ಕೀಬೋರ್ಡ್ ಮುಂದೆ ಕೂತರೆ ಕೈ ನಡುಗುತ್ತದೆ. ಲಕ್ಷ್ಯ ಕೊಡುವುದನ್ನು ಹೇಗೆ ಕಲಿಯಬೇಕು?
– ಓದುಗಿ, ಬೆಟಗೇರಿ

ಉತ್ತರ: ತಂಗಿ, ಮೂರು ಸಲ ಓದಿದೆ ಅಂತ ನೀನು ಹೇಳಿದ್ದನ್ನು ನಾನು ಪೂರ್ತಿ ನಂಬುತ್ತೇನೆ. ಮೂವತ್ತು ಸಲ ಓದಿದ್ದರೂ ಕಾಣುತ್ತಿರಲಿಲ್ಲ. ಯಾಕಂದರೆ ಅದನ್ನು ಟೈಪ್ ಮಾಡಿದವಳೇ ನೀನು. ಅಲ್ಲಿ ಏನಿರಬೇಕು ಅಂತ ನಿನಗೆ ಮೊದಲೇ ಗೊತ್ತು. ಕಣ್ಣು ಕಾಗದದ ಮೇಲೆ ಹರಿದಾಡುತ್ತದೆ, ಓದುವುದು ಮಾತ್ರ ತಲೆಯಲ್ಲಿ ಇರುವುದನ್ನೇ. ನನಗೂ ಹೀಗೇ ಆಗಿತ್ತು. ಮೊದಲು ಅದನ್ನು ಹೇಳುತ್ತೇನೆ.

1986ರ ಸುಮಾರು. ಮೀಟರ್ ಗೇಜ್ ಕಾಲ. ಮೂರು ಲೈನಿನ ಒಂದು ಸಣ್ಣ ಸ್ಟೇಷನ್. ಮಧ್ಯಾಹ್ನ ಎರಡನೇ ಲೈನಿನಲ್ಲಿ ಗೊಬ್ಬರದ ನಾಲ್ಕು ವ್ಯಾಗನ್ ಬಿಟ್ಟು ಗೂಡ್ಸ್ ಮುಂದೆ ಹೋಗಿತ್ತು. ರಿಜಿಸ್ಟರಿನಲ್ಲಿ ಕೆಂಪು ಇಂಕಿನಿಂದ ನಾನೇ ಬರೆದಿದ್ದೆ. ಸಂಜೆ ಏಳೂವರೆಗೆ ಪ್ಯಾಸೆಂಜರ್ ಬರಬೇಕು. ಪಕ್ಕದ ಸ್ಟೇಷನ್‌ನವರು ಲೈನ್ ಕ್ಲಿಯರ್, ಅಂದರೆ ಗಾಡಿ ಬಿಡಲು ನನ್ನ ಒಪ್ಪಿಗೆ, ಕೇಳುತ್ತಿದ್ದಾರೆ. ಅದೇ ಹೊತ್ತಿಗೆ ಇನ್ನೊಂದು ಫೋನಿನಲ್ಲಿ ಕಂಟ್ರೋಲಿನವರು, ‘ನಿಮ್ಮ ತಂದೆಯವರನ್ನು ದವಾಖಾನೆಗೆ ಹಾಕಿದ್ದಾರಂತೆ’ ಅಂದರು. ಫೋನ್ ಇಟ್ಟೆ. ಹೊರಗೆ ಬಂದು, ಗಾಡಿಗೆ ಹಳಿ ಬದಲಿಸಿ ಕೊಡುವ ಪಾಯಿಂಟ್ಸ್‌ಮನ್‌ಗೆ ಹೇಳಿದೆ: ‘ಎರಡನೇ ಲೈನಿಗೆ ಪಾಯಿಂಟ್ ಹಾಕು.’

ಅವನು ಕಂದೀಲು ಹಿಡಿದುಕೊಂಡು ನಿಂತಲ್ಲೇ ನಿಂತ. ‘ಎರಡನೇ ಲೈನ್ ಅಂದ್ರಿ? ಗೊಬ್ಬರದ ವ್ಯಾಗನ್ ಅದಾವಲ್ರಿ ಸಾಹೇಬ್ರ ಅಲ್ಲಿ?’

ಆ ಕಂದೀಲಿನ ಬೆಳಕು ಅವನ ಮೊಣಕಾಲ ಮೇಲೆ ಬಿದ್ದಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಅವತ್ತು ಏನೂ ಆಗಲಿಲ್ಲ. ಗಾಡಿ ಮೂರನೇ ಲೈನಿಗೆ ಬಂತು, ಹೋಯಿತು. ನಾನು ಒಳಗೆ ಬಂದು ಕೂತೆ. ಎದುರಿಗೆ ಗೋಡೆಯ ಮೊಳೆಯಲ್ಲಿ ಕಾಲರ್ ತೂಗುತ್ತಿತ್ತು. ಕಾಲರ್ ಅಂದರೆ ಕಬ್ಬಿಣದ ಒಂದು ಬಳೆ. ಯಾವುದಾದರೂ ಲೈನು ತುಂಬಿದ್ದರೆ, ಆ ಲೈನಿನ ಸಿಗ್ನಲ್ ಲಿವರ್‌ಗೆ ಅದನ್ನು ತೊಡಿಸಿಡಬೇಕು. ಲಿವರ್ ಎಳೆಯಲು ಕೈ ಹಾಕಿದ ಕೂಡಲೇ ಬಳೆ ಅಡ್ಡ ಬರುತ್ತದೆ. ಮಧ್ಯಾಹ್ನ ನಾನು ಅದನ್ನು ಹಾಕಿರಲಿಲ್ಲ. ‘ನಾಲ್ಕೇ ತಾಸು, ನೆನಪಿರತೈತಿ’ ಅಂದುಕೊಂಡಿದ್ದೆ.

ಲಕ್ಷ್ಯವನ್ನು ತಲೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ ಅಂತ ನನಗೆ ಅವತ್ತು ತಿಳಿಯಿತು. ಒಂದು ಫೋನ್ ಬಂದರೆ ಸಾಕು, ಅದು ಜಾರಿ ಹೋಗುತ್ತದೆ. ಲಕ್ಷ್ಯ ತಲೆಯ ಹೊರಗೆ ಇರಬೇಕು. ಲಿವರ್‌ಗೆ ಹಾಕಿದ ಬಳೆಯಲ್ಲಿ ಇರಬೇಕು. ತಿರುಗಿ ಕೇಳುವ ಪಾಯಿಂಟ್ಸ್‌ಮನ್ ಬಾಯಲ್ಲಿ ಇರಬೇಕು. ಹಾಗಾಗಿ ‘ಲಕ್ಷ್ಯ ಎಲ್ಲಿರತೈತಿ’ ಅನ್ನುವ ನಿಮ್ಮ ಮಾಲೀಕರ ಪ್ರಶ್ನೆ ಸರಿಯಾದದ್ದೇ. ಆದರೆ ಸಿಟ್ಟಿನಿಂದ ಕೇಳುವ ಪ್ರಶ್ನೆ ಅದಲ್ಲ. ಇಬ್ಬರೂ ಕೂತು ಉತ್ತರ ಹುಡುಕಬೇಕಾದ ಪ್ರಶ್ನೆ.

ಈಗ ನಿನ್ನ ಕೆಲಸಕ್ಕೆ ಬರೋಣ. ಆ ‘ಗುರುವಾರ’ ಎಲ್ಲಿಂದ ಬಂತು ಅಂತ ನೋಡಿದೆಯಾ? ನನ್ನ ಅಂದಾಜು, ಅದು ಹಿಂದಿನ ಮದುವೆಯದು. ಹಳೆಯ ಪತ್ರಿಕೆಯ ಫೈಲ್ ತೆಗೆದು, ಅದರ ಮೇಲೆ ಹೊಸ ಹೆಸರು ಹಾಕಿ, ತಾರೀಖು ಬದಲಿಸಿ ಸೇವ್ ಮಾಡುವುದು ಎಲ್ಲ ಪ್ರೆಸ್ಸಿನಲ್ಲೂ ನಡೆಯುತ್ತದೆ. ತಾರೀಖು ಬದಲಿಸಲು ನೆನಪಾಗುತ್ತದೆ, ಪಕ್ಕದ ವಾರ ಹಾಗೇ ಉಳಿಯುತ್ತದೆ. ಇದಕ್ಕೆ ಒಂದೇ ದಿನದ ಕೆಲಸ ಸಾಕು. ಒಂದು ಖಾಲಿ ಫೈಲ್ ಮಾಡಿಕೋ. ಹೆಸರು, ವಾರ, ಅಕ್ಕಿಕಾಳಿನ ವೇಳೆ, ಸ್ಥಳ, ಎಲ್ಲ ಕಡೆ ದೊಡ್ಡದಾಗಿ ಕೆಂಪು ಚುಕ್ಕೆ ಸಾಲು ಹಾಕಿಡು. ತುಂಬಿಸುವುದು ಮರೆತರೆ ಕೆಂಪು ಚುಕ್ಕೆ ಕಾಣುತ್ತದೆ. ಹಳೆಯ ಫೈಲಿನಲ್ಲಿ ಮರೆತರೆ ಸರಿ ಇದ್ದ ಹಾಗೆ ಕಾಣುತ್ತದೆ, ಅದೇ ಅಪಾಯ. ಇದೇ ನಿನ್ನ ಕಾಲರ್.

ಪ್ರೂಫ್ ಓದುವಾಗ ಪರದೆಯ ಮೇಲೆ ಓದಬೇಡ. ಪ್ರಿಂಟ್ ತೆಗೆದು, ಸಾಲಿನ ಕೆಳಗೆ ಪಟ್ಟಿ ಇಟ್ಟು ಓದು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಪ್ರೆಸ್ಸುಗಳಲ್ಲಿ ಒಬ್ಬರು ಮೂಲಪ್ರತಿ ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಅಚ್ಚಾದ ಹಾಳೆ ನೋಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಆ ಎರಡನೆಯವರು ಮಾಯವಾದರು. ನನ್ನ ಕೇಳಿದರೆ ಅದೊಂದು ದೊಡ್ಡ ನಷ್ಟ. ಬೈಂಡಿಂಗ್ ಮಾಡುವ ಹುಡುಗ ಇದ್ದರೆ ಅವನನ್ನೇ ಐದು ನಿಮಿಷ ಕೂರಿಸಿಕೋ. ಹೆಸರುಗಳನ್ನು ಅಕ್ಷರ ಅಕ್ಷರ ಬಿಡಿಸಿ ಓದಿಸು, ಒತ್ತಕ್ಷರ, ದೀರ್ಘ ಎಲ್ಲ ಸೇರಿಸಿ. ಯಾರೂ ಸಿಗದಿದ್ದರೆ ಕೊನೆಯ ಪದದಿಂದ ಹಿಂದಕ್ಕೆ ಓದು. ಅರ್ಥ ತಪ್ಪಿ ಹೋಗುವುದರಿಂದ ಕಣ್ಣು ಅಕ್ಷರವನ್ನೇ ನೋಡಬೇಕಾಗುತ್ತದೆ. ಇನ್ನೆರಡು ಕಡೆ ಜಾಸ್ತಿ ಜೋಪಾನ ಬೇಕು. ಎಲ್ಲಕ್ಕಿಂತ ದೊಡ್ಡ ಅಕ್ಷರದ ಸಾಲು, ಅದನ್ನು ಯಾರೂ ಓದುವುದೇ ಇಲ್ಲ. ಮತ್ತೆ, ಈಗಷ್ಟೇ ತಿದ್ದಿದ ಜಾಗ. ಒಂದು ತಪ್ಪು ತಿದ್ದುವಾಗ ಪಕ್ಕದ ಅಕ್ಷರ ಅಳಿಸಿ ಹೋಗಿರುತ್ತದೆ.

ಇನ್ನು ಗಿರಾಕಿಗೆ ಪ್ರೂಫ್ ತೋರಿಸುವಾಗ ‘ಸರಿ ಐತಲ್ರಿ?’ ಅಂತ ಕೇಳಬೇಡ. ಮದುವೆ ಮನೆಯವರು ನೂರು ಕೆಲಸದ ನಡುವೆ ಬಂದಿರುತ್ತಾರೆ. ‘ಹೂಂ, ಹೂಂ’ ಅಂದು ಸಹಿ ಹಾಕಿ ಹೋಗುತ್ತಾರೆ. ಪ್ರೂಫನ್ನು ನಿನ್ನ ಕೈಯಲ್ಲೇ ಇಟ್ಟುಕೊಂಡು ಕೇಳು: ‘ಲಗ್ನ ಎಂದೈತ್ರಿ? ಯಾವ ವಾರ? ಎಷ್ಟು ಗಂಟೆಗೆ?’ ಅವರು ಬಾಯಿಬಿಟ್ಟು ಹೇಳಲಿ, ನೀನು ಅಚ್ಚಿನ ಮೇಲೆ ಬೆರಳಿಟ್ಟು ನೋಡು. ಮೊಬೈಲಿನ ಕ್ಯಾಲೆಂಡರ್‌ನಲ್ಲಿ ತಾರೀಖಿಗೆ ವಾರ ತಾಳೆ ನೋಡು. ಅಷ್ಟಾದ ಮೇಲೆ ಸಹಿ.

ಕೈ ನಡುಕದ ಬಗ್ಗೆ ಒಂದು ಮಾತು. ನನಗೂ ಎರಡು ವಾರ ಹಾಗಾಗಿತ್ತು. ಕಾಲರ್ ಹಾಕುವುದು ಅಭ್ಯಾಸವಾದ ಮೇಲೆ ಹೋಯಿತು. ‘ನಾನು ಮರೆತರೂ ಬಳೆ ಮರೆಯುವುದಿಲ್ಲ’ ಅನ್ನುವ ಧೈರ್ಯ ಬಂತು. ನಿನಗೂ ಬರುತ್ತದೆ.

ಪ್ರಶ್ನೆ: ನಮ್ಮ ಯಜಮಾನರು ರೈಲ್ವೆಯಲ್ಲಿ ಅಸಿಸ್ಟೆಂಟ್ ಲೋಕೋ ಪೈಲಟ್. ಮನೆಯಲ್ಲೂ ಗ್ಯಾಸ್ ಬಂದ್ ಮಾಡಿದರೆ ಕೈ ತೋರಿಸಿ ‘ಗ್ಯಾಸ್ ಬಂದ್’ ಅಂತ ಗಟ್ಟಿಯಾಗಿ ಹೇಳುತ್ತಾರೆ. ಬೀಗ ಹಾಕಿದರೂ ಹಾಗೇ. ಮಕ್ಕಳು ನಗುತ್ತಾರೆ. ಇದರಿಂದ ನಿಜವಾಗಿ ಉಪಯೋಗ ಇದೆಯಾ?
– ಓದುಗಿ, ಹುಬ್ಬಳ್ಳಿ

ಉತ್ತರ: ಇದೆ ತಾಯಿ, ತುಂಬಾ ಇದೆ. ಎಂಜಿನ್‌ನಲ್ಲಿ ಡ್ರೈವರ್, ಅಸಿಸ್ಟೆಂಟ್ ಇಬ್ಬರೂ ಪ್ರತಿ ಸಿಗ್ನಲ್ ಕಂಡ ಕೂಡಲೇ ಕೈ ಎತ್ತಿ ತೋರಿಸಿ, ಅದರ ಬಣ್ಣವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಬೇಕು. ಜಪಾನಿನ ರೈಲ್ವೆಯಲ್ಲಿ ಈ ಪದ್ಧತಿ ನೂರು ವರ್ಷದಷ್ಟು ಹಳೆಯದು. 1994ರಲ್ಲಿ ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ ಇದನ್ನು ಪರೀಕ್ಷೆ ಮಾಡಿ ನೋಡಿತು. ಸುಮ್ಮನೆ ಕಣ್ಣಿನಿಂದ ನೋಡಿ ಮಾಡಿದ ಕೆಲಸದಲ್ಲಿ ನೂರಕ್ಕೆ 2.38 ತಪ್ಪು. ಬೆರಳು ತೋರಿಸಿ, ಬಾಯಿಬಿಟ್ಟು ಹೇಳಿ ಮಾಡಿದಾಗ 0.38. ನ್ಯೂಯಾರ್ಕಿನ ಸುರಂಗ ರೈಲಿನಲ್ಲೂ 1996ರಿಂದ, ಗಾಡಿ ಸರಿಯಾದ ಜಾಗದಲ್ಲಿ ನಿಂತಿದೆ ಅಂತ ಖಾತ್ರಿ ಮಾಡಲು ಕಂಡಕ್ಟರ್‌ಗಳು ಪ್ಲಾಟ್‌ಫಾರಂನ ಕಪ್ಪು–ಬಿಳಿ ಪಟ್ಟಿಯ ಹಲಗೆಗೆ ಬೆರಳು ತೋರಿಸುತ್ತಾರೆ.

ನಮ್ಮಲ್ಲಿ ಇನ್ನೊಂದಿತ್ತು, ಪ್ರೈವೇಟ್ ನಂಬರ್. ಸ್ಟೇಷನ್ ಮಾಸ್ತರರ ಹತ್ತಿರ, ಗೇಟ್‌ಮನ್ ಹತ್ತಿರ ಎರಡಂಕಿಯ ನಂಬರುಗಳ ಒಂದು ಛಾಪಿಸಿದ ಹಾಳೆ ಇರುತ್ತದೆ. ನಂಬರುಗಳು ಅಡ್ಡಾದಿಡ್ಡಿ ಇರುತ್ತವೆ, ಒಂದರ ಮುಂದೆ ಒಂದು ಬರುವುದಿಲ್ಲ. ನಾನು ಫೋನಿನಲ್ಲಿ ‘ಗೇಟ್ ಹಾಕು’ ಅಂದರೆ ಅವನು ಗೇಟ್ ಹಾಕಿ ಬಂದು ಹಾಳೆ ನೋಡಿ ಒಂದು ನಂಬರ್ ಹೇಳಬೇಕು. ನಾನು ಅದನ್ನು ತಿರುಗಿ ಹೇಳಿ, ಬರೆದುಕೊಳ್ಳಬೇಕು. ಅವನು ಆ ನಂಬರನ್ನು ಹೊಡೆದು ಹಾಕಬೇಕು. ಹೊಸದರಲ್ಲಿ ನನಗೆ ಇದೊಂದು ಕಿರಿಕಿರಿ ಅನಿಸಿತ್ತು. ‘ಹಾಕೀನ್ರಿ’ ಅಂದರೆ ಸಾಲದಾ? ಸಾಲದು. ‘ಹೂಂ’ ಅಂತ ನಿದ್ದೆಗಣ್ಣಿನಲ್ಲೂ ಅನ್ನಬಹುದು. ನಂಬರ್ ಹೇಳಬೇಕಾದರೆ ಎದ್ದು, ದೀಪ ಹಚ್ಚಿ, ಹಾಳೆ ನೋಡಲೇಬೇಕು.

ಮಕ್ಕಳಿಗೂ ಅದನ್ನೇ ಕಲಿಸಿ. ಗ್ಯಾಸ್ ಬಂದ್ ಮಾಡಿದೆಯೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸ್ ಬರುವುದು ತಪ್ಪುತ್ತದೆ. ಬಾಯಿಬಿಟ್ಟು ಹೇಳಿದ್ದು ಕಿವಿಗೂ ಬಿದ್ದಿರುತ್ತದೆ, ನೆನಪಿರುತ್ತದೆ.

ಪ್ರಶ್ನೆ: ನಾನು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಪೇಟೆ ದಿನ ಕಿರ್ದಿಯಲ್ಲಿ (ದಿನದ ಲೆಕ್ಕದ ಪುಸ್ತಕದಲ್ಲಿ) 25,400 ಬರೆಯಬೇಕಾದ ಕಡೆ 24,500 ಬರೆದೆ. ರಾತ್ರಿ ಹನ್ನೊಂದರವರೆಗೆ ಹುಡುಕಿದೆ. ಇಂಥ ತಪ್ಪು ತಿಂಗಳಿಗೆ ಎರಡು ಮೂರು ಸಲ ಆಗುತ್ತಿದೆ.
– ಓದುಗ, ಬ್ಯಾಡಗಿ

ಉತ್ತರ: ತಮ್ಮಾ, ಬ್ಯಾಡಗಿ ಪೇಟೆ ಸೀಸನ್‌ನಲ್ಲಿ ಹೇಗಿರುತ್ತದೆ ಅಂತ ನೋಡಿದ್ದೇನೆ. ಒಂದೇ ದಿನಕ್ಕೆ ಲಕ್ಷಗಟ್ಟಲೆ ಚೀಲ. ಘಾಟಿಗೆ ಕಣ್ಣು ಉರಿಯುತ್ತಿರುತ್ತದೆ. ಟೆಂಡರ್ ಮುಗಿದ ಮೇಲೆ ತೂಕ, ತಕ್‌ಪಟ್ಟಿ, ರೈತರ ಗದ್ದಲ, ಎಲ್ಲ ಒಂದೇ ಸಲ ಮೈಮೇಲೆ ಬರುತ್ತದೆ. ಅಲ್ಲಿ ಲೆಕ್ಕ ಬರೆಯುವುದು ಸಣ್ಣ ಕೆಲಸ ಅಲ್ಲ.

ಮೊದಲು ಹುಡುಕುವ ಬಗೆ ಹೇಳುತ್ತೇನೆ. ನಿನಗೆ ಎಷ್ಟು ವ್ಯತ್ಯಾಸ ಬಂತು? 900. ಅದನ್ನು 9ರಿಂದ ಭಾಗಿಸು. ಶೇಷ ಇಲ್ಲದೆ ಹೋಗುತ್ತದೆ. ಅಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಬಂದ ಉತ್ತರ 100. ಅಂದರೆ ತಪ್ಪು ನೂರರ ಮತ್ತು ಸಾವಿರದ ಸ್ಥಾನದಲ್ಲಿ ಇದೆ, ಆ ಎರಡು ಅಂಕಿಗಳ ನಡುವೆ ಒಂದರ ಅಂತರ ಇದೆ. 4 ಮತ್ತು 5, ನೋಡು. ಸೊನ್ನೆ ಒಂದು ಕಡಿಮೆ ಬಿದ್ದು 1,500 ಇದ್ದದ್ದು 150 ಆದರೂ ವ್ಯತ್ಯಾಸ 9ರಿಂದ ಭಾಗವಾಗುತ್ತದೆ, ಅದನ್ನೂ ನೆನಪಿಡು. 9ರಿಂದ ಭಾಗವಾಗದೆ ಬರೀ ಸಮಸಂಖ್ಯೆ ಬಂದರೆ ಅದರ ಅರ್ಧ ಮಾಡಿ, ಆ ಮೊತ್ತ ಎಲ್ಲಾದರೂ ಇದೆಯಾ ನೋಡು. ಜಮಾ ಕಡೆ ಹೋಗಬೇಕಾದದ್ದು ಖರ್ಚಿನ ಕಡೆ ಬಿದ್ದಿರಬಹುದು. ರಾತ್ರಿ ಹನ್ನೊಂದರ ಕೆಲಸ ಕಾಲು ತಾಸಿನಲ್ಲಿ ಮುಗಿಯುತ್ತದೆ.

ತಪ್ಪು ಆಗದ ಹಾಗೆ ಮಾಡುವುದು ಹೇಗೆ? ರೈಲ್ವೆಯಲ್ಲಿ ನಾವು ಗಾಡಿಯ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಹೇಳುತ್ತಿದ್ದೆವು. ಕನ್ನಡದಲ್ಲಿ ಎಂಬತ್ತು, ತೊಂಬತ್ತು ಗದ್ದಲದಲ್ಲಿ ಒಂದೇ ತರ ಕೇಳಿಸುತ್ತವೆ. ‘ಎಂಟು ಸೊನ್ನೆ’, ‘ಒಂಬತ್ತು ಸೊನ್ನೆ’ ಅಂದರೆ ಅನುಮಾನ ಇರುವುದಿಲ್ಲ. ಹಮಾಲರು ತೂಕ ಕೂಗಿದಾಗ ನೀನು ಬರೆದದ್ದನ್ನು ಹಾಗೆ ಬಿಡಿಸಿ ತಿರುಗಿ ಕೂಗು. ಮಾಲಿನ ಹೆಸರನ್ನೂ ಬಿಡಬೇಡ. ಅವಸರದ ಕೈಬರಹದಲ್ಲಿ ‘ಕಡ್ಡಿ’, ‘ಡಬ್ಬಿ’ ಎರಡೂ ತಳಿಯ ಹೆಸರು ಒಂದೇ ಕಾಣುತ್ತವೆ. ಧಾರಣಿಯಲ್ಲಿ ಎಷ್ಟು ಫರಕು ಬೀಳುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಆ ಫರಕು ಒಬ್ಬ ರೈತನ ವರ್ಷದ ಬೆಳೆಯಿಂದ ಹೋಗುತ್ತದೆ.

ಯಾರಾದರೂ ನಡುವೆ ಮಾತಾಡಿಸಿದರೆ, ತಲೆ ಎತ್ತುವ ಮುಂಚೆ ಬರೆಯುತ್ತಿದ್ದ ಸಾಲಿನ ಮೇಲೆ ಪಟ್ಟಿ ಇಡು. ವಾಪಸ್ ಬಂದಾಗ ಆ ಸಾಲನ್ನು ಅರ್ಧದಿಂದ ಮುಂದುವರಿಸಬೇಡ, ಮೊದಲಿಂದ ನೋಡು.

ಪ್ರಶ್ನೆ: ನಾನು ನರ್ಸ್. ತಿಂಗಳಿಗೆ ಎರಡು ವಾರ ನೈಟ್ ಡ್ಯೂಟಿ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಕಣ್ಣು ತೆರೆದಿದ್ದರೂ ತಲೆ ಓಡುವುದಿಲ್ಲ. ಒಮ್ಮೆ ಒಬ್ಬ ರೋಗಿಗೆ ಪಕ್ಕದ ಬೆಡ್ಡಿನವರ ಇಂಜೆಕ್ಷನ್ ಕೊಡಲು ಹೋಗಿದ್ದೆ, ಆ ರೋಗಿಯ ಮಗಳು ಕೇಳಿದ್ದಕ್ಕೆ ತಪ್ಪಿತು. ಯಾರಿಗೂ ಹೇಳಿಲ್ಲ. ನನಗೆ ಈ ಕೆಲಸ ಆಗುವುದಿಲ್ಲವೇನೋ ಅನಿಸುತ್ತಿದೆ.
– ಓದುಗಿ, ಧಾರವಾಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಮಗಳ ಪ್ರಶ್ನೆ ನಿಮ್ಮನ್ನು ಉಳಿಸಿತು, ನನ್ನ ಪಾಯಿಂಟ್ಸ್‌ಮನ್ ನನ್ನನ್ನು ಉಳಿಸಿದ ಹಾಗೆ. ಮೊದಲ ಕೆಲಸ, ಇದನ್ನು ನಿಮ್ಮ ಹೆಡ್ ನರ್ಸ್‌ಗೆ ಹೇಳಿ. ನಿಮಗೆ ಆದದ್ದು ನಾಳೆ ರಾತ್ರಿ ಅದೇ ಎರಡು ಬೆಡ್ಡಿನ ನಡುವೆ ಇನ್ನೊಬ್ಬರಿಗೂ ಆಗಬಹುದು. ನಾನು ಆ ಸಂಜೆಯ ಮಾತನ್ನು ನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ. ಆಮೇಲೆ ಹೊಸ ಹುಡುಗರಿಗೆ ಕಲಿಸುವಾಗ ಹೇಳಿದೆ. ಅವರಲ್ಲಿ ಇಬ್ಬರು, ‘ನಮಗೂ ಹಿಂಗ ಆಗಿತ್ರಿ’ ಅಂದರು. ಮೊದಲೇ ಹೇಳಬೇಕಿತ್ತು ಅಂತ ಇವತ್ತಿಗೂ ನನಗೆ ಸಂಕಟ ಆಗುತ್ತದೆ.

ನಾಲ್ಕು ಗಂಟೆಗೆ ತಲೆ ಓಡದಿರುವುದು ನಿಮ್ಮ ದೋಷ ಅಲ್ಲ. ಮನುಷ್ಯರ ಮೈ ಇರುವುದೇ ಹಾಗೆ. ಬೆಳಗಿನ ಮೂರರಿಂದ ಆರರವರೆಗಿನ ಹೊತ್ತು ಎಚ್ಚರ ತೀರಾ ತಗ್ಗುವ ಹೊತ್ತು. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. 17 ತಾಸು ನಿದ್ದೆ ಇಲ್ಲದೆ ಇದ್ದವರ ಕೈಚಳಕ, ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿ 0.03. ಹಗಲು ಮನೆಗೆಲಸ ಮಾಡಿ, ಮಲಗದೆ ರಾತ್ರಿ ಡ್ಯೂಟಿಗೆ ಬಂದರೆ ನಾಲ್ಕು ಗಂಟೆಗೆ ಆ 17 ತಾಸು ದಾಟಿರುತ್ತದೆ. ಆದ್ದರಿಂದ ಡ್ಯೂಟಿಗೆ ಮುಂಚೆ ಮಧ್ಯಾಹ್ನದ ನಿದ್ದೆ ಒಂದೂವರೆ ತಾಸಾದರೂ ಬೇಕು. ಮನೆಯವರಿಗೆ ಇದನ್ನು ಓದಿ ಹೇಳಿ. ನೈಟ್ ಡ್ಯೂಟಿ ಇರುವ ಹೆಣ್ಣುಮಗಳನ್ನು ಮಧ್ಯಾಹ್ನ ಎಬ್ಬಿಸಿ ಕೆಲಸ ಹೇಳುವುದು ತಪ್ಪು.

ವಾರ್ಡಿನಲ್ಲಿ ಏನು ಮಾಡಬೇಕು ಅನ್ನುವುದನ್ನು, ದವಾಖಾನೆಯಲ್ಲಿ ಕೆಲಸ ಮಾಡುವ ನನ್ನ ಮಗಳನ್ನೂ ಕೇಳಿ ಬರೆಯುತ್ತಿದ್ದೇನೆ. ರೋಗಿಯನ್ನು ‘ನೀವು ಬಸಮ್ಮ ಅಲ್ರಿ?’ ಅಂತ ಕೇಳಬೇಡಿ. ನಿದ್ದೆಗಣ್ಣಿನ ರೋಗಿ ಯಾವ ಹೆಸರಿಗೂ ‘ಹೂಂ’ ಅಂತಾರೆ. ‘ನಿಮ್ಮ ಹೆಸರು ಹೇಳ್ರಿ’ ಅನ್ನಿ. ಹೆಸರಿನ ಜೊತೆ ಕೈಪಟ್ಟಿಯ ನಂಬರ್ ನೋಡಿ. ಬೆಡ್ ನಂಬರನ್ನು ನಂಬಬೇಡಿ, ಸಂಜೆ ಬೆಡ್ ಬದಲಾಗಿರಬಹುದು. ಇನ್ಸುಲಿನ್‌ನಂಥ ಔಷಧಕ್ಕೆ ಇನ್ನೊಬ್ಬ ಸಿಸ್ಟರ್ ಬೇಕು. ಅವರಿಗೆ ‘ಹತ್ತು ಐತಿ, ನೋಡು’ ಅನ್ನಬೇಡಿ. ಹಾಗಂದರೆ ಅವರಿಗೂ ಹತ್ತೇ ಕಾಣುತ್ತದೆ. ಸಿರಿಂಜ್ ಕೊಟ್ಟು, ‘ಎಷ್ಟೈತಿ?’ ಅಂತ ಕೇಳಿ.

ಬರೆಯುವಾಗ ‘ಯೂನಿಟ್’ ಅಂತ ಪೂರ್ತಿ ಬರೆಯಿರಿ. ಇಂಗ್ಲಿಷಿನ ‘ಯು’ ಒಂದೇ ಅಕ್ಷರ ಬರೆದರೆ ಸೊನ್ನೆಯ ಹಾಗೆ ಕಂಡು, 10 ಯೂನಿಟ್ ಇದ್ದದ್ದು 100 ಆಗುತ್ತದೆ. ಹಾಗೇ 5 ಮಿಲಿಗ್ರಾಂಗೆ 5.0 ಅಂತ ಬರೆಯಬಾರದು, ಚುಕ್ಕೆ ಅಳಿಸಿದರೆ 50. ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಮೊದಲು ಬರೆದು, ಬರೆದದ್ದನ್ನು ಓದಿ ಹೇಳಿ, ಅವರು ಸರಿ ಅಂದ ಮೇಲೆ ಫೋನ್ ಇಡಿ. ಔಷಧ ತುಂಬುವಾಗ ಯಾರಾದರೂ ಕರೆದರೆ, ‘ಎರಡು ನಿಮಿಷ ತಡೀರಿ’ ಅನ್ನಿ. ವಿಮಾನದವರೂ ಹಾಗೇ ಮಾಡುತ್ತಾರೆ. ಅಮೆರಿಕದಲ್ಲಿ 1981ರಿಂದ, 10,000 ಅಡಿಯ ಕೆಳಗೆ ಇರುವಾಗ ಪೈಲಟ್‌ಗಳು ಹಾರಾಟಕ್ಕೆ ಸಂಬಂಧಪಡದ ಮಾತು ಆಡುವ ಹಾಗಿಲ್ಲ. ಔಷಧದ ಟ್ರೇ ನಿಮ್ಮ ಹತ್ತು ಸಾವಿರ ಅಡಿ.

ಈ ಕೆಲಸ ನಿಮಗೆ ಆಗುತ್ತದೆ. ತಪ್ಪು ಆಗಿಬಿಡುತ್ತಿತ್ತಲ್ಲ ಅಂತ ನಿದ್ದೆ ಬರದವರ ಕೈಗೆ ನಾನು ನನ್ನ ಮನೆಯವರನ್ನು ಧೈರ್ಯವಾಗಿ ಒಪ್ಪಿಸುತ್ತೇನೆ.

ಪ್ರಶ್ನೆ: ಕೆಲಸದ ಹೊತ್ತಿನಲ್ಲಿ ಮೊಬೈಲ್ ಪಕ್ಕದಲ್ಲಿ ಇಟ್ಟುಕೊಂಡರೆ ಅಷ್ಟು ತೊಂದರೆನಾ? ನಾನು ನೋಡುವುದು ಒಂದೇ ನಿಮಿಷ.
– ಓದುಗ, ಗದಗ

ಉತ್ತರ: ನೋಡುವುದು ಒಂದೇ ನಿಮಿಷ, ಸರಿ. ಆದರೆ ಬಿಟ್ಟ ಕೆಲಸಕ್ಕೆ ಮತ್ತೆ ಹೊಂದಿಕೊಳ್ಳಲು ಇನ್ನೂ ಜಾಸ್ತಿ ಹೊತ್ತು ಬೇಕು. ಆ ನಡುವಿನ ಹೊತ್ತಿನಲ್ಲೇ ತಪ್ಪಾಗುವುದು. ಮೊಬೈಲನ್ನು ಚೀಲದಲ್ಲಿ ಇಡಿ, ಚೀಲವನ್ನು ಬಾಗಿಲ ಹತ್ತಿರ ಇಡಿ.

ಪ್ರಶ್ನೆ: ನಾನು ವಿದ್ಯುತ್ ಲೈನ್‌ಮನ್. 22 ವರ್ಷದ ಅನುಭವ. ಹೊಸದಾಗಿ ಬಂದ ಹುಡುಗ ಪ್ರತಿ ಸಲ ಎಲ್‌ಸಿ (ಕರೆಂಟ್ ಬಂದ್ ಮಾಡಿಸಿ ಕೆಲಸಕ್ಕೆ ಪರವಾನಗಿ) ತಗೊಂಡ ಮೇಲೂ ‘ಯಾವ ಫೀಡರ್ ಅಣ್ಣಾ?’ ಅಂತ, ಅಂದರೆ ಸಬ್‌ಸ್ಟೇಷನ್‌ನಿಂದ ಬರುವ ಯಾವ ಲೈನು ಅಂತ ಕೇಳುತ್ತಾನೆ, ಪಟ್ಟಿ ಹಿಡಿದು ಟಿಕ್ ಹಾಕುತ್ತಾನೆ. ನನಗೆ ಪ್ರತಿ ಕಂಬ ಗೊತ್ತು. ಇದೆಲ್ಲ ಹೊಸಬರಿಗೆ ಸರಿ, ನಮಗೂ ಬೇಕಾ?
– ಓದುಗ, ಹಾವೇರಿ ಜಿಲ್ಲೆ

ಉತ್ತರ: ಬೇಕು. ನಿಮಗೇ ಜಾಸ್ತಿ ಬೇಕು. ನಿಮ್ಮ ‘ಎಲ್‌ಸಿ’ ಅಂದರೆ ಲೈನ್ ಕ್ಲಿಯರ್. ನಮ್ಮದೂ ಅದೇ ಮಾತು. ಎರಡೂ ಕಡೆ ಆ ಮಾತಿನ ಮೇಲೆ ಜೀವ ನಿಂತಿರುತ್ತದೆ. ಅದಕ್ಕೇ ನಿಮ್ಮ ಪತ್ರಕ್ಕೆ ಬಿಡಿಸಿ ಬರೆಯುತ್ತಿದ್ದೇನೆ.

ಹೊಸಬ ಹೆದರಿಕೆಯಿಂದಲೇ ಎಲ್ಲ ನೋಡುತ್ತಾನೆ. ಪಳಗಿದವನ ಕೈ ತಾನೇ ಕೆಲಸ ಮಾಡಿಬಿಡುತ್ತದೆ, ತಲೆ ಬೇರೆ ಕಡೆ ಇರುತ್ತದೆ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋದಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನದ ಪರೀಕ್ಷೆ ನಡೆದಿತ್ತು. ಓಡಿಸಿದವರು ಸಾಮಾನ್ಯದವರಲ್ಲ, ಸೈನ್ಯದ ಹಾರಾಟ ಪರೀಕ್ಷೆಯ ಮುಖ್ಯಸ್ಥರೇ. ವಿಮಾನ ನೆಲದ ಮೇಲಿದ್ದಾಗ ಗಾಳಿಗೆ ರೆಕ್ಕೆಯ, ಬಾಲದ ಪಟ್ಟಿಗಳು ಅಲುಗಾಡಬಾರದು ಅಂತ ಒಂದು ಲಾಕ್ ಹಾಕಿರುತ್ತಾರೆ. ಅದನ್ನು ಬಿಚ್ಚುವುದು ಮರೆತರು. ವಿಮಾನ ಮೇಲೇರಿತು, ಬಿತ್ತು, ಇಬ್ಬರು ಸತ್ತರು. ಆಮೇಲೆ ಅಲ್ಲಿನ ಪೈಲಟ್‌ಗಳು ತಮಗೆ ಇನ್ನೂ ಹೆಚ್ಚು ತರಬೇತಿ ಬೇಕು ಅಂತ ಕೇಳಲಿಲ್ಲ. ಒಂದು ಪಟ್ಟಿ ಮಾಡಿಕೊಂಡರು, ಪ್ರತಿ ಸಲ ಓದಿ ಟಿಕ್ ಹಾಕಲು. ಇವತ್ತು ಎಷ್ಟೇ ಅನುಭವ ಇರುವ ಪೈಲಟ್ ಆದರೂ ಪಟ್ಟಿ ಓದದೆ ಹೊರಡುವುದಿಲ್ಲ.

ನಿಮ್ಮ ಕಡೆ ನೋಡಿ. ಊರಿಗೆ ನಿರಂತರ ಜ್ಯೋತಿ ಫೀಡರ್ ಬೇರೆ, ಹೊಲದ ಪಂಪ್‌ಸೆಟ್ಟಿಗೆ ಐಪಿ ಫೀಡರ್ ಬೇರೆ. ಎಷ್ಟೋ ಕಡೆ ಎರಡೂ ಒಂದೇ ದಾರಿಯ ಪಕ್ಕದಲ್ಲಿ ಹೋಗುತ್ತವೆ. ಎಲ್‌ಸಿ ಒಂದಕ್ಕೆ ಸಿಕ್ಕಿರುತ್ತದೆ, ಏಣಿ ಇನ್ನೊಂದಕ್ಕೆ ಇಟ್ಟಿರುತ್ತೀರಿ. ಸಬ್‌ಸ್ಟೇಷನ್‌ನಲ್ಲಿ ಸರಿಯಾದ ಫೀಡರೇ ಬಂದ್ ಆಗಿದ್ದರೂ, ಯಾರದೋ ಗಿರಣಿಯ ಜನರೇಟರ್‌ನಿಂದ ಕರೆಂಟ್ ಹಿಂದಕ್ಕೆ ಬರಬಹುದು. ನಿಮಗೆ ಕಂಬ ಗೊತ್ತು, ನಿಜ. ಆದರೆ ಇವತ್ತು ಮುಂಜಾನೆ ಯಾರು ಎಲ್ಲಿ ಜನರೇಟರ್ ಜೋಡಿಸಿದ್ದಾರೆ ಅನ್ನುವುದು 22 ವರ್ಷದ ಅನುಭವಕ್ಕೆ ಗೊತ್ತಿರುವುದಿಲ್ಲ. ಅದಕ್ಕೇ ಟೆಸ್ಟರ್, ಅದಕ್ಕೇ ಕೆಲಸದ ಜಾಗದ ಎರಡೂ ಕಡೆ ಅರ್ಥಿಂಗ್ ರಾಡ್. ಇದೂ ಒಂದು ಕಾಲರ್. ಎಲ್‌ಸಿ ವಾಪಸ್ ಕೊಡುವಾಗಲೂ ಅಷ್ಟೇ. ತಗೊಂಡವರೇ ಕೊಡಬೇಕು. ಎಷ್ಟು ಜನ ಮೇಲೆ ಹೋಗಿದ್ದರು, ಎಷ್ಟು ಜನ ಕೆಳಗೆ ಬಂದರು ಅಂತ ಮುಖ ನೋಡಿ ಎಣಿಸಿ, ರಾಡ್ ತೆಗೆದ ಮೇಲೆ ಕೊಡಬೇಕು.

ಆ ಹುಡುಗನ ಬಾಯಿ ಮುಚ್ಚಿಸಬೇಡಿ. ನನ್ನ ಪಾಯಿಂಟ್ಸ್‌ಮನ್ ಅವತ್ತು, ‘ಸಾಹೇಬ್ರು ಹೇಳ್ಯಾರ, ನನಗ್ಯಾಕ’ ಅಂದುಕೊಂಡಿದ್ದರೆ ಏನಾಗುತ್ತಿತ್ತು ಅಂತ ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಹಿರಿಯರು ಒಮ್ಮೆ ಗದರಿಸಿದರೆ ಸಾಕು, ಆ ಹುಡುಗ ಮುಂದೆ ಯಾವತ್ತೂ ಕೇಳುವುದಿಲ್ಲ. ನಾಳೆ ಅವನು ‘ಯಾವ ಫೀಡರ್ ಅಣ್ಣಾ?’ ಅಂದಾಗ ಫೀಡರಿನ ಹೆಸರು, ಕಂಬದ ನಂಬರ್ ಎರಡೂ ಪೂರ್ತಿ ಹೇಳಿ. ಅವನು ಕಂಬದ ಮೇಲಿನ ನಂಬರ್‌ಗೆ ಬೆರಳಿಟ್ಟು ಅದನ್ನು ತಿರುಗಿ ಹೇಳುವವರೆಗೆ ಏಣಿಯ ಮೇಲೆ ಕಾಲಿಡಬೇಡಿ.